ಸೀಲಿಂಗಿಗೆ ಬಿದ್ದ ನೀಲಿ

ಹೆಣ್ಣು ನೋಡಲು ಬರುವವರು ಹೆಣ್ಣನ್ನು ನೋಡಲಿ, ಗೋಡೆ ನೋಡಲಿ, ಬೇಕಾದರೆ ನನ್ನ ಮುಖವನ್ನೂ ಸಹಿಸಿಕೊಳ್ಳಲಿ. ಮೇಲೆ ಯಾಕೆ ನೋಡಬೇಕು? ಇದು ನನ್ನ ವಾದ. "ಚಹಾ ಕುಡಿವಾಗ ತಲಿ ಎತ್ತೇ ಎತ್ತತಾರ್ರಿ," ಇದು ನನ್ನ ಹೆಂಡತಿ ಸುಂದರಬಾಯಿಯ ವಾದ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಯಾರ ವಾದ ಗೆಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಮಗಳು ವರ್ಷಾಳನ್ನು ನೋಡಲು ಹುಮನಾಬಾದಿನ ವೈಜನಾಥರಾಯರು ಮನೆಮಂದಿಯೊಂದಿಗೆ ಭಾನುವಾರ ಬರುವವರಿದ್ದರು. ಹುಡುಗ ಇವಳ ಮನಸ್ಸಿಗೆ ಆಗಲೇ ಬಂದಿದ್ದ. ಹಿರಿಯರು ಹೂಂ ಅನ್ನುವುದೊಂದೇ ಬಾಕಿ. ಅಷ್ಟರಲ್ಲಿ ಪಡಸಾಲೆಯ ಪಿಒಪಿ ಸೀಲಿಂಗು ಹಲಗೆಗಳ ಸಂದಿಯಲ್ಲಿ ಉದ್ದಕ್ಕೂ ಬಾಯಿಬಿಟ್ಟಿತು.

"ಪೇಂಟರ್ ಮಕ್ಬೂಲ್ ಭಾಯಿಗಿ ಕರೀರಿ."

"ಇಷ್ಟಕ್ಕ ಪೇಂಟರ್ ಯಾಕ? ನಾ ಏನ್ ಸತ್ತೀನೇನು?"

"ಹೋದ ವರ್ಷ ನಳಾ ರಿಪೇರಿ ಮಾಡಾಕ ಹೋಗಿ ಓಣಿ ತುಂಬ ನೀರ್ ಹರಿಸೀರಿ. ನೆನಪದ?"

(ನೆನಪಿತ್ತು. ಮರೆಯಲು ಅವಳು ಬಿಟ್ಟರೆ ತಾನೆ?)

ಪಿಒಪಿ ಪುಡಿ ತಂದು ಕಲಸಿದೆ. ನಾನು ಏಣಿ ಹತ್ತುವಷ್ಟರಲ್ಲಿ ಅದು ಪರಾತದಲ್ಲೇ ಕಲ್ಲಾಯಿತು. ಪರಾತವೆಂದರೆ ರೊಟ್ಟಿ ಹಿಟ್ಟು ನಾದುವ ತಟ್ಟೆ. ಆ ಬಗ್ಗೆ ಸುಂದರಬಾಯಿ ಏನಂದಳೆಂದು ಇಲ್ಲಿ ಬರೆಯುವುದು ಶೋಭಿಸದು. ಎರಡನೆಯ ಸಲ ಏಣಿಯ ಮೇಲೆಯೇ ಕೂತು ಕಲಸಿ ಅರ್ಧ ಬಿರುಕಿಗೆ, ಅರ್ಧ ಮೀಸೆಗೆ ಮೆತ್ತಿದೆ. ಒಣಗಿದ ಮೇಲೆ ಉಜ್ಜು ಕಾಗದದಿಂದ ತಿಕ್ಕಿದೆ. ಧೂಳೆಲ್ಲ ಅಡುಗೆಮನೆಗೆ ದಯಮಾಡಿಸಿತು.

"ರೀ! ಬ್ಯಾಳಿಯಾಗ ಏನ್ ಬೀಳಾಕತ್ತದ?"

"ಸುಣ್ಣದಂಥದ್ದೇ. ಎಲುಬಿಗಿ ಛಲೋ."

"ನಿಮ್ಮ ಎಲುಬ್ ಮುರಿಯೂತನಾ ನೀವು ಇಳಿಯಂಗಿಲ್ಲ!"

ಬಿರುಕು ಮುಚ್ಚಿತು. ಆದರೆ ಹಳದಿಗಟ್ಟಿದ ಸೀಲಿಂಗಿನ ನಡುವೆ ಬೆಳ್ಳಗಿನ ಪಟ್ಟಿಯೊಂದು ಬಾಗಿಲಿಂದಲೇ ಕಣ್ಣಿಗೆ ಹೊಡೆಯತೊಡಗಿತು. ಇಡೀ ಸೀಲಿಂಗಿಗೆ ಬಣ್ಣ ಹೊಡೆಯದೆ ವಿಧಿಯಿಲ್ಲ. ಬಿಳಿ ಡಿಸ್ಟೆಂಪರ್ ತಂದೆ. ನಮ್ಮ ಅಪ್ಪ ಸುಣ್ಣ ಬಳಿಯುವಾಗ ಬಿಳುಪು ಎದ್ದು ಕಾಣಲೆಂದು ನೀಲಿ ಬೆರೆಸುತ್ತಿದ್ದ. ನಾನೂ ಧೋತರಕ್ಕೆ ಹಾಕುವ ನೀಲಿಯ ಬಾಟಲಿಯನ್ನು ಡಬ್ಬಿಗೆ ಬಗ್ಗಿಸಿಬಿಟ್ಟೆ.

ಹಸಿಯಿದ್ದಾಗ ಅಮೋಘವಾಗಿತ್ತು. ಒಣಗಿದಾಗ ಅಲ್ಲಲ್ಲಿ ನೀಲಿ, ಅಲ್ಲಲ್ಲಿ ಬಿಳಿ.

"ಲಗ್ನ ಮುರದ್ರ ಮಗಳಿಗಿ ನೀವೇ ಜವಾಬ್ ಹೇಳ್ರಿ," ಎಂದು ಸುಂದರಬಾಯಿ ಕಣ್ಣೊರೆಸಿಕೊಂಡಳು. ವರ್ಷಾ ಮೇಲೆ ನೋಡುತ್ತ ನಿಂತಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. "ನಾಳಿ ನೀವು ಬಾಯಿ ತೆಗೀಬ್ಯಾಡ್ರಿ," ಎಂದು ಹೆಂಡತಿಯ ಅಪ್ಪಣೆಯಾಯಿತು.

ಭಾನುವಾರ ಬಂದರು. ಚುಡಾ ತಿಂದದ್ದಾಯಿತು, ಚಹಾ ಬಂತು. ಹುಡುಗನ ತಾಯಿ ತಲೆ ಎತ್ತಿದವರು ಇಳಿಸಲೇ ಇಲ್ಲ.

"ಅಯ್ಯ, ಎಷ್ಟ್ ಛಂದ ಅದ! ಖರೇ ಮೋಡ ತೇಲಿದಂಗ ಕಾಣತದ. ಯಾರ್ ಮಾಡ್ಯಾರ್ರಿ?"

ಸುಂದರಬಾಯಿ ನನ್ನ ಕಾಲು ತುಳಿದಳು. ಆದರೆ ಈ ಮನೆಯಲ್ಲಿ ನನ್ನ ಕೆಲಸವನ್ನು ಯಾರಾದರೂ ಹೊಗಳಿ ಎಷ್ಟು ಕಾಲವಾಗಿತ್ತು!

"ನಾನೇರಿ! ಸ್ವಂತ ಕೈಲೆ!"

ವೈಜನಾಥರಾಯರು ಕಪ್ಪು ಕೆಳಗಿಟ್ಟರು. "ಬೀಗ್ರ, ಹುಡುಗಿ ನಮಗ ಪಸಂದ್. ವರದಕ್ಷಿಣಿ, ಬಂಗಾರ ಒಂದೂ ಬ್ಯಾಡ."

ನಾನು ಹೆಂಡತಿಯ ಕಡೆ ದಿಗ್ವಿಜಯದ ನೋಟ ಬೀರಿದೆ.

"ಲಗ್ನ ಆಗೂದ್ರೊಳಗ ನಮ್ಮ ಮನಿ ಛತ್ತನೂ ಹಿಂಗೇ ಮಾಡಿಕೊಟ್ರ ಸಾಕು. ನಿಮ್ಮ ಕೈಲೇ ಆಗಬೇಕ್ ನೋಡ್ರಿ."

ಹೆಣ್ಣಿನ ತಂದೆ ಆಗುವುದಿಲ್ಲ ಅನ್ನುವುದುಂಟೆ?

ಈಗ ಹುಮನಾಬಾದಿನಲ್ಲಿ, ಬೀಗರ ಮನೆಯ ಏಣಿಯ ಮೇಲಿದ್ದೇನೆ. ಮನೆ ತುಂಬ ಕೋಣೆಗಳು. ತಪ್ಪಿನಿಂದ ಬಂದ ಮೋಡ ಬೇಕೆಂದರೆ ಬರಬೇಕಲ್ಲ! ಎಷ್ಟು ನೀಲಿ ಸುರಿದರೂ ಒಣಗಿದಾಗ ಎಲ್ಲ ಕಡೆಯೂ ಒಂದೇ ಸಮ, ನುರಿತ ಪೇಂಟರ್ ಹೊಡೆದ ಹಾಗೆ.

"ಬೀಗ್ರ, ಈ ಮೂಲ್ಯಾಗೂ ಮೋಡ ಬಂದಿಲ್ಲಲ್ರಿ," ಬೀಗಿತಿ ಕೆಳಗಿಂದ ರಾಗ ಎಳೆದರು.

ಪಕ್ಕದಲ್ಲಿ ಕುರ್ಚಿಯ ಮೇಲೆ ಚಹಾ ಕುಡಿಯುತ್ತಿದ್ದ ಸುಂದರಬಾಯಿ ತಲೆ ಎತ್ತಿ ನೋಡಿ, "ಇನ್ನೊಂದ್ ಸಲ ಹೊಡಿಯಾಕ ಹೇಳ್ರಿ ಬೀಗಿತಿ," ಎಂದಳು. "ಅವ್ರಿಗಿ ಭಾಳ ಹುರುಪ ಅದ."