ಸಂತ ನಿಕೋಲನ ದಿನದ ಕ್ವಿಜ್

ತಪ್ಪೆಲ್ಲ ತಾರೀಖಿನದು. ಕ್ವಿಜ್ ಇಟ್ಟವರು ಹುಡುಕಿ ಹುಡುಕಿ ಸಂತ ನಿಕೋಲನ ದಿನಕ್ಕೇ ಇಟ್ಟಿದ್ದರು. ಅಂದು ಸರ್ಬಿಯಾದಲ್ಲಿ ಅರ್ಧ ಜನರ ಮನೆಯಲ್ಲಿ ಮನೆದೇವರ ಹಬ್ಬ. ಉಳಿದರ್ಧ ಜನ ಅವರಲ್ಲಿಗೆ ಉಣ್ಣಲು ಹೋಗುವವರು. ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಂದವರನ್ನು ಕಳಿಸುವ ಪದ್ಧತಿಯೂ ಇಲ್ಲ. ಬಾಗಿಲು ತೆರೆದೇ ಇರಬೇಕು, ಯಜಮಾನ ನಿಂತೇ ಇರಬೇಕು.

ಸ್ರೆತೆನ್ ಬಸ್ ನಿಲ್ದಾಣದ ಕಿಂಡಿಯಲ್ಲಿ ಟಿಕೆಟ್ ಕೊಡುತ್ತಿದ್ದವನು. ಅಲ್ಲಿ ಯಂತ್ರ ಬಂದು ಕೂತ ಮೇಲೆ ಇವನು ಮನೆಯಲ್ಲಿ ಕೂತ. ಐವತ್ತು ದಾಟಿದವನು ವೆಬ್‌ಸೈಟ್ ಕಟ್ಟುವ ವಿದ್ಯೆ ಕಲಿತದ್ದು ಮೊಬೈಲಿನ ಕ್ವಿಜ್‌ಗಳಿಂದ. ಒಂದು ಪ್ರಶ್ನೆ, ನಾಲ್ಕು ಉತ್ತರ. ತಪ್ಪಾದರೆ ಕೆಂಪು ಗೆರೆ, ಸರಿಯಾದರೆ ಹಸಿರು ಟಿಕ್ಕು, ಅದರ ಮೇಲೊಂದಿಷ್ಟು ಬಣ್ಣದ ಚೂರುಗಳ ಮಳೆ. 'ನೀನು ಹೇಳಿದ್ದು ಸರಿ' ಎನ್ನುವವರು ಆ ಮನೆಯಲ್ಲಿ ಬೇರಾರೂ ಇರಲಿಲ್ಲ. ಹಾಗಾಗಿ ಮೊದಲು ಚಟ ಹತ್ತಿತು, ಹಿಂದೆಯೇ ವಿದ್ಯೆಯೂ ಹತ್ತಿತು.

ಹಳ್ಳಿಯ ಅತಿಥಿಗೃಹಗಳಿಗೆ ವೆಬ್‌ಸೈಟ್ ಮಾಡಿಕೊಡುವ ಬುದಿಮಿರ್ ಎಂಬವರು, ಕೊನೆಯ ಕ್ವಿಜ್ ಗೆದ್ದರೆ ಕೆಲಸ ಕೊಡುತ್ತೇನೆಂದಿದ್ದರು. ತೆರೆದರೆ ಮುಗಿಸಲೇಬೇಕು, ಎರಡು ತಪ್ಪಾದರೆ ಅಲ್ಲಿಗೆ ಮುಗಿಯಿತು. ಈ ವಯಸ್ಸಿಗೆ ಇನ್ನೊಬ್ಬ ಬುದಿಮಿರ್ ಸಿಗುವುದಿಲ್ಲವೆಂದು ಸ್ರೆತೆನ್‌ಗೆ ಗೊತ್ತಿತ್ತು.

ನೆಂಟರು ಬರುವುದು ಮಧ್ಯಾಹ್ನ ತಾನೆ ಎಂದು ಬೆಳಿಗ್ಗೆಯೇ ಲ್ಯಾಪ್‌ಟಾಪ್ ತೆರೆದು ಕೂತ. ಮೊದಲ ಟಿಕ್ಕು ಬೀಳುವಷ್ಟರಲ್ಲಿ ಎದುರು ಮನೆಯ ಮಿಲೊಯ್ಕೊ ಒಳಗಿದ್ದ, ಅವನ ಹಿಂದೆ ಸ್ರೆತೆನ್‌ನ ಸೋದರತ್ತೆ ದೆಸಾಂಕಾ. ಮಿಲೊಯ್ಕೊಗೂ ಕೆಲಸವಿರಲಿಲ್ಲ, ಅದರ ಚಿಂತೆಯೂ ಇರಲಿಲ್ಲ.

"ಏನಯ್ಯ ಇದು, ಹಬ್ಬದ ಮನೆ ಯಜಮಾನ ಕುರ್ಚಿ ಮೇಲೆ? ಏಳು, ಸಂತ ನೋಡ್ತಿದಾನೆ," ಎಂದು ಸ್ರೆತೆನ್‌ನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ತಾನು ಕೂತ.

ಲ್ಯಾಪ್‌ಟಾಪ್ ಫ್ರಿಜ್ಜಿನ ತಲೆಗೇರಿತು. ಸ್ರೆತೆನ್ ಒಂದು ಕೈಯಲ್ಲಿ, ಬಂದವರಿಗೆ ಮೊದಲು ಒಂದೊಂದು ಚಮಚ ಕೊಡುವ ಸಿಹಿ ಗೋಧಿಯ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಉತ್ತರ ಒತ್ತತೊಡಗಿದ. ಚಿತ್ರದ ಸುತ್ತ ಜಾಗ ಬಿಡುವುದು ಹೇಗೆ ಎಂಬ ಪ್ರಶ್ನೆ ಬಂತು.

"ಎರಡನೇದು ಒತ್ತು," ಎಂದ ಮಿಲೊಯ್ಕೊ ಎದ್ದು ಬಂದು.

"ನಿಂಗೇನೋ ಗೊತ್ತು ಇದು?"

"ಗೊತ್ತಿಲ್ಲ. ಆದ್ರೆ ನಾಲ್ಕಿದ್ರೆ ಯಾವಾಗ್ಲೂ ಎರಡನೇದೇ ಇರುತ್ತೆ."

"ನಂಗೆ ಮೂರನೇದು ಲಕ್ಷಣವಾಗಿ ಕಾಣತ್ತಪ್ಪ," ಎಂದರು ದೆಸಾಂಕಾ ಅತ್ತೆ.

ಹಬ್ಬಕ್ಕೆ ಹುರಿದಿಟ್ಟ ಮೀನಿನ ಎಣ್ಣೆ ಮೆತ್ತಿದ ಮಿಲೊಯ್ಕೊನ ಬೆರಳು ಒತ್ತಿಯೇಬಿಟ್ಟಿತು. ಕೆಂಪು ಗೆರೆ. ಸ್ರೆತೆನ್ ಲ್ಯಾಪ್‌ಟಾಪನ್ನು ಅವನ ಕೈಗೆಟುಕದಂತೆ ಸರಿಸಿದ. ಹೆಂಡತಿಯನ್ನು ಪಕ್ಕಕ್ಕೆ ಕರೆದ.

"ಯಗೋದಾ, ಹಬ್ಬದ ರೊಟ್ಟೀನ ನೀನೇ ಚರ್ಚಿಗೆ ತಗೊಂಡು ಹೋಗು. ಇವರಿಬ್ಬರನ್ನೂ ಕರ್ಕೊಂಡು ಹೋಗು."

"ಯಜಮಾನ ಇಲ್ದೆ ರೊಟ್ಟಿ ಕತ್ತರಿಸ್ತಾರಾ? ಪಾದ್ರಿಗೆ ಏನು ಹೇಳ್ಲಿ?"

"ಹೊಟ್ಟೆ ಕೆಟ್ಟಿದೆ ಅನ್ನು."

"ಇವತ್ತಿನ ದಿನ ಸುಳ್ಳು ಹೇಳಿಸ್ತೀಯಾ? ಅಷ್ಟು ಮುಖ್ಯಾನಾ ಇದು?"

"ಬೆಳಿಗ್ಗೆ ಎದ್ದು ಎಲ್ಲಿಗಾದ್ರೂ ಹೋಗಬೇಕು ಕಣೇ ನಂಗೆ. ಹೋಗೋಕೆ ಒಂದು ಜಾಗ ಬೇಕು."

ಯಗೋದಾ ಅವನ ಮುಖ ನೋಡಿದಳು. ರೊಟ್ಟಿ ಎತ್ತಿಕೊಂಡು, ಬಂದವರಿಬ್ಬರನ್ನೂ ಎಬ್ಬಿಸಿಕೊಂಡು ಹೊರಟಳು.

ಸ್ರೆತೆನ್ ಚಿಲಕ ಹಾಕಿದ. ಅಪ್ಪನ ಕಾಲದಲ್ಲಿ, ತಾತನ ಕಾಲದಲ್ಲಿ ಈ ದಿನ ಯಾರೂ ಮಾಡದ ಕೆಲಸ. ಗೋಡೆಯ ಮೇಲಿದ್ದ ಸಂತನ ಪಟದ ಕಡೆ ತಲೆಯೆತ್ತದೆ ಕೂತ. ಹಸಿರು, ಹಸಿರು, ಮತ್ತೆ ಹಸಿರು. ನಡುವೆ ಬೆಲ್ಲು ಹೊಡೆಯಿತು. ಕುರ್ಚಿಯ ಮೇಲೆ ಮಿಲೊಯ್ಕೊನ ಟೋಪಿ ಉಳಿದಿತ್ತು. ಅದಕ್ಕೇ ಬಂದಿರಬೇಕು, ಕಾಯಲಿ ಎಂದುಕೊಂಡ. ಬೆಲ್ಲು ಮತ್ತೆ ಹೊಡೆಯಿತು.

ಕೊನೆಯ ಪ್ರಶ್ನೆ: 'ಬಂದವರಿಗೆ ಮುಖಪುಟ ಮೊದಲು ಏನು ಮಾಡಬೇಕು?' ಹೆಸರು ಕೇಳಬೇಕು, ಗುಪ್ತಪದ ಕೇಳಬೇಕು, ಕಾಯಿಸಬೇಕು, ತಡಮಾಡದೆ ಒಳಗೆ ಬಿಟ್ಟುಕೊಳ್ಳಬೇಕು.

ಇದೂ ಒಂದು ಪ್ರಶ್ನೆಯೇ ಎಂದು ನಕ್ಕು ಸ್ರೆತೆನ್ ನಾಲ್ಕನೆಯದನ್ನು ಒತ್ತಿದ. ಬೆಲ್ಲು ಇನ್ನೊಮ್ಮೆ ಕುಯ್ಗುಟ್ಟಿ ಸುಮ್ಮನಾಯಿತು. ಪರದೆಯ ತುಂಬ ಬಣ್ಣದ ಚೂರುಗಳು ಸುರಿದವು. ಗೆದ್ದಿದ್ದ.

ಆ ಮಳೆಯನ್ನು ಕಣ್ತುಂಬ ನೋಡಿ ಮುಗಿಸಿ ಬಾಗಿಲು ತೆರೆದರೆ ಯಾರೂ ಇಲ್ಲ. ಎದುರು ಮನೆಯಿಂದ ನಗು ಕೇಳಿಸುತ್ತಿತ್ತು. ಹೋಗಿ ನೋಡಿದರೆ ಮಿಲೊಯ್ಕೊ ಕೋಟು ತೊಟ್ಟ ಅಪರಿಚಿತರೊಬ್ಬರಿಗೆ ಪ್ಲಮ್ ಸಾರಾಯಿ ಬಗ್ಗಿಸುತ್ತಿದ್ದ. ಮೇಜಿನ ಮೇಲೆ ರಿಬ್ಬನ್ ಕಟ್ಟಿದ ವೈನ್ ಬಾಟಲಿ.

"ಬಾ ಸ್ರೆತೆನ್. ಟೋಪಿ ಮರೆತೆ ಅಂತ ಅರ್ಧ ದಾರಿಯಿಂದ ವಾಪಸ್ ಬಂದೆ. ಪಾಪ, ಇವರು ನಿಮ್ಮನೆ ಬಾಗಿಲು ಕಾಯ್ತಾ ನಿಂತಿದ್ರು. ಸ್ನಾನಕ್ಕೆ ಹೋಗಿರ್ಬೇಕು ಅಂತ ಹೇಳಿ ಒಳಗೆ ಕರ್ಕೊಂಡೆ."

ಬಂದವರು ಎದ್ದು ನಿಂತರು. "ನಾನು ಬುದಿಮಿರ್. ನಿಮ್ಮಲ್ಲಿ ಹಬ್ಬ ಅಂತ ಬೆಳಿಗ್ಗೆ ಯಾರೋ ಹೇಳಿದ್ರು. ಒಂದು ಚಮಚ ಗೋಧಿ ತಿಂದು, ಕೆಲಸದ ಮಾತೂ ಮುಗಿಸಿ ಹೋಗೋಣ ಅಂತ ಬಂದೆ." ಮೊಬೈಲ್ ನೋಡಿದರು. "ಸ್ನಾನ ಅಲ್ಲ, ಕ್ವಿಜ್‌ನಲ್ಲಿದ್ರಿ. ಒಂದೇ ತಪ್ಪು. ಭೇಷ್. ಆದ್ರೆ ನಮ್ಮ ಕೆಲಸ ಅಂದ್ರೆ ಅತಿಥಿ ಸತ್ಕಾರ ಮಾಡೋರ ಮನೆಗೆ ಹೋಗಿ ಕೂತು ಮಾತಾಡೋದು. ಇಂಥ ದಿನ ಚಿಲಕ ಹಾಕ್ಕೊಳ್ಳೋರನ್ನ ಅಲ್ಲಿಗೆ ಹೆಂಗೆ ಕಳಿಸ್ಲಿ ಹೇಳಿ? ಕೆಲಸಕ್ಕೆ ಇವರನ್ನ ತಗೋತೀನಿ."

"ಮಿಲೊಯ್ಕೊನ್ನಾ? ಅವನಿಗೆ ಇದರ ಗಂಧಗಾಳಿ ಇಲ್ಲ ಸಾರ್."

"ಅದನ್ನ ಕ್ವಿಜ್ ಕಲಿಸುತ್ತಲ್ಲ. ನಿಮಗೆ ಕಲಿಸಿಲ್ವೇ?"

ಇದಕ್ಕೆ ಸ್ರೆತೆನ್ ಉತ್ತರ ಹುಡುಕಿದ. ನಾಲ್ಕರಲ್ಲಿ ಒಂದು ಆರಿಸಲು ಇಲ್ಲಿ ಯಾರೂ ಕೊಟ್ಟಿರಲಿಲ್ಲ. ಮನೆಗೆ ಬಂದು ಬಾಗಿಲನ್ನು ಪೂರ್ತಿ ತೆರೆದಿಟ್ಟ.

ಮಧ್ಯಾಹ್ನ ಮನೆ ತುಂಬಿತು. ಮಿಲೊಯ್ಕೊ ಅದೇ ಕುರ್ಚಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದ.

"ಮೊದಲನೇ ಪ್ರಶ್ನೇನೇ ಕಷ್ಟ ಮಾರಾಯ. ಎರಡನೇದು ಒತ್ಲಾ?"

ಸ್ರೆತೆನ್ ಬಗ್ಗಿ ನೋಡಿದ. "ಬೇಡ. ನಾಲ್ಕನೇದು."

ಹಸಿರು ಟಿಕ್ಕು ಬಿತ್ತು.

"ನೋಡ್ದ್ಯಾ, ನಂಗೆ ಬರುತ್ತೆ," ಎಂದ ಮಿಲೊಯ್ಕೊ.

ಸ್ರೆತೆನ್ ತಟ್ಟೆ ಹಿಡಿದು ನಿಂತೇ ಇದ್ದ. ತೆರೆದಿಟ್ಟ ಬಾಗಿಲಿನಿಂದ ಚಳಿಗಾಳಿ ಬರುತ್ತಿತ್ತು. ಮುಚ್ಚಲು ಅವನು ಹೋಗಲಿಲ್ಲ.