ಉತ್ತರಕ್ಕೆ ತಲೆ ಹಾಕಿದ ವ್ಯಾನು

ಕೊಂಡ ವ್ಯಾನು ಓಡಿಸುವವನು ಬರೀ ಡ್ರೈವರ್, ತಾನೇ ಕಟ್ಟಿದ ವ್ಯಾನು ಓಡಿಸುವವನು ಸಾಕ್ಷಾತ್ ಬ್ರಹ್ಮ. ಇದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಶಕುಂತಲೆಯ ಅಭಿಪ್ರಾಯ ಬೇರೆ. ಬ್ರಹ್ಮನಿಗೆ ನಾಲ್ಕು ತಲೆ, ನಿಮಗಿರುವ ಒಂದೂ ನೆಟ್ಟಗಿಲ್ಲ ಅನ್ನುತ್ತಾಳೆ.

ಇಂಗ್ಲೆಂಡಿನ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನನಗೆ ಮನೆಯಲ್ಲಿ ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ. ಬೇಸಿಗೆಯಿಡೀ ಊರೂರು ಅಲೆಯಬೇಕು. ಅದಕ್ಕೆ ಹಾಸಿಗೆ, ಒಲೆ ಎಲ್ಲ ಇರುವ ಕ್ಯಾಂಪರ್ ವ್ಯಾನ್ ಬೇಕು. ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಒಂದಿತ್ತು. ಆಗೆಲ್ಲ ಶೋರೂಮಿಗೆ ಹೋಗಿ, ಪರದೆ ಸಮೇತ ತಯಾರಾಗಿ ನಿಂತದ್ದನ್ನು ಕೊಂಡು ತರುವುದು. ಭಾರೀ ನಿಧಾನದ ಗಾಡಿ. ಒಮ್ಮೆ ಗುಡ್ಡ ಹತ್ತುವಾಗ ಒಂದು ಕುರಿ ನಮ್ಮನ್ನು ಓವರ್‌ಟೇಕ್ ಮಾಡಿ, ಮೇಲೆ ಹೋಗಿ ಮರಿ ಹಾಕಿ, ಆ ಮರಿ ಇಳಿದು ಬಂದು ನಮ್ಮ ಬಂಪರ್ ಮೂಸಿತ್ತು. (ಶಕುಂತಲೆ ಕುರಿಯನ್ನು ಒಪ್ಪುತ್ತಾಳೆ. ಮರಿಯನ್ನು ಒಪ್ಪುವುದಿಲ್ಲ.)

ಈ ಸಲ ನಾನೇ ಕಟ್ಟುವುದೆಂದು ಬೇಕರಿಯೊಂದರ ಹಳೇ ವ್ಯಾನ್ ತಂದೆ. ಚಳಿಗಾಲವೆಲ್ಲ ಮನೆ ಮುಂದೆ ಗರಗಸದ ಸಂಗೀತ ಕಚೇರಿ. ಈಗಿನವರು ವಿಡಿಯೊ ನೋಡಿಕೊಂಡು ಕಟ್ಟುತ್ತಾರೆ. ನಾನು ವಿಡಿಯೊ ನೋಡಿ, ಅದನ್ನು ಮಾಡಿದವನನ್ನು ಬೈದುಕೊಂಡು ಕಟ್ಟಿದೆ.

"ಸುಮ್ನೆ ರೆಡಿ ಇರೋದೊಂದು ತಗೊಳ್ರೀ," ಅಂದಳು ಶಕುಂತಲೆ. "ಹಿಂದಿನ ವ್ಯಾನಲ್ಲಿ ಸೀಟು ಎಳೆದ್ರೆ ಹಾಸಿಗೆ ಆಗ್ತಿತ್ತು."

"ಎಳೆದ್ರೆ ನಿನ್ನ ಕೈಯೂ ಕಿತ್ತು ಬರ್ತಿತ್ತು! ಇದು ನೋಡು, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ."

ಕೊನೆಗೆ ಅವಳೇ ಷರತ್ತು ಹಾಕಿದಳು. "ಒಂದು ಮಧ್ಯಾಹ್ನ ಅದ್ರಲ್ಲಿ ನಂಗೆ ಸರಿಯಾಗಿ ನಿದ್ದೆ ಬಂದ್ರೆ ಇಟ್ಕೊಳ್ಳೋಣ. ಬರ್ಲಿಲ್ವೋ, ಮಾರ್ಬಿಟ್ಟು ರೆಡಿ ಇರೋದು ತರೋಣ. ಅಷ್ಟೇ."

ನನ್ನ ಇಡೀ ಚಳಿಗಾಲದ ತಪಸ್ಸು ಒಬ್ಬಳ ಮಧ್ಯಾಹ್ನದ ನಿದ್ದೆಯ ಮೇಲೆ ನಿಂತಿತು.

ಪರೀಕ್ಷೆಗೆ ಬೇಕ್‌ವೆಲ್ ಹತ್ತಿರದ ಒಂದು ಕ್ಯಾಂಪ್ ಸೈಟಿಗೆ ಹೋದೆವು. ಶೆಫೀಲ್ಡಿನಲ್ಲಿ ಓದುವ ಮೊಮ್ಮಗಳು ಶ್ರಾವ್ಯಳೂ ಜೊತೆಗಿದ್ದಳು. ನಾನೇ ಮೊಸರನ್ನ ಕಲಸಿ ಶಕುಂತಲೆಗೆ ಎರಡು ಸಲ ಬಡಿಸಿದೆ. (ಇದು ಲಂಚವಲ್ಲ, ಎಂಜಿನಿಯರಿಂಗ್.) ಅವಳು ಆಕಳಿಸಿದಳು, ಮಲಗಿದಳು, ಕಣ್ಣು ಮುಚ್ಚಿದಳು. ನಾನು ಉಸಿರು ಬಿಗಿಹಿಡಿದೆ.

ಥಟ್ಟನೆ ಎದ್ದು ಕೂತಳು. "ರೀ, ಸೂರ್ಯ ಎಲ್ಲಿದ್ದಾನೆ?"

"ಇಂಗ್ಲೆಂಡಲ್ಲಿ ಕೇಳೋ ಪ್ರಶ್ನೆನಾ ಇದು? ಮಲಗು."

ಶ್ರಾವ್ಯ ಫೋನಿನಲ್ಲಿ ದಿಕ್ಸೂಚಿ ತೆಗೆದಳು. "ಅಜ್ಜಿ, ಯುವರ್ ಹೆಡ್ ಈಸ್ ಎಕ್ಸಾಕ್ಟ್ಲಿ ನಾರ್ತ್!"

"ಉತ್ತರಕ್ಕೆ ತಲೆ! ಹಾಗೆ ಯಾರಾದ್ರೂ ಮಲಗ್ತಾರೇನ್ರೀ? ವ್ಯಾನ್ ತಿರುಗಿಸಿ."

ತಿರುಗಿಸಲು ಹೊರಟರೆ ಕ್ಯಾಂಪ್ ನೋಡಿಕೊಳ್ಳುವ ಹೆಂಗಸು ಓಡಿ ಬಂದಳು. ಬೆಂಕಿ ಬಿದ್ದರೆ ತಕ್ಷಣ ಹೊರಡಬೇಕಂತೆ, ಅದಕ್ಕೆ ಎಲ್ಲ ವ್ಯಾನಿನ ಮೂತಿಯೂ ದಾರಿಯ ಕಡೆಗೇ ಇರಬೇಕಂತೆ. ನನ್ನ ಹೆಂಡತಿಯ ತಲೆ ಉತ್ತರಕ್ಕಿದೆ ಎಂದು ವಿವರಿಸಿದೆ. "ಸೋ ಸಾರಿ ಟು ಹಿಯರ್ ದಟ್, ಡಕ್," ಎಂದು ನನ್ನ ಭುಜ ತಟ್ಟಿದಳು. (ನಮ್ಮ ಡರ್ಬಿ ಕಡೆ ಪ್ರೀತಿ ಬಂದರೆ ಯಾರನ್ನೂ ಡಕ್ ಅನ್ನುತ್ತಾರೆ, ಎಲ್ಲರೂ ಬಾತುಕೋಳಿಗಳೇ.)

"ಹಾಗಾದ್ರೆ ದಿಂಬು ಆ ಕಡೆ ಹಾಕ್ಕೊಂಡು ಮಲಗು," ಎಂದೆ.

"ಕಾಲು ದೇವರ ಕಡೆ ಹೋಗುತ್ತೆ!"

ನಿಜ. ತಲೆಯ ಮೇಲ್ಗಡೆ ದೇವರಿರಲಿ ಎಂದು ಅಲ್ಲೊಂದು ಪುಟ್ಟ ಗೂಡು ಮಾಡಿ ವೆಂಕಟರಮಣನ ಪಟ ಕೂರಿಸಿದ್ದೆ.

"ಪಟ ಈ ಕಡೆಗೆ ತೆಗೆದು ಇಡಿ ಮತ್ತೆ."

"ಬರಲ್ಲ. ಅಂಟಿಸ್ಬಿಟ್ಟಿದ್ದೀನಿ."

"ಗೂಡು ಬಿಚ್ಚಿ!"

"ಅದೂ ಅಂಟೇ. ವಿಮಾನಕ್ಕೆ ಹಾಕೋ ಲೆವೆಲ್ಲಿನದು."

ಶಕುಂತಲೆ ನನ್ನನ್ನೂ ದೇವರನ್ನೂ ಒಮ್ಮೆ ನೋಡಿದಳು. "ಹಿಂದಿನ ವ್ಯಾನಲ್ಲಿ ಹೇಗೆ ಬೇಕೋ ಹಾಗೆ ಮಲಗ್ಬಹುದಿತ್ತು. ಅದನ್ನ ಮಾಡಿದೋನಿಗೆ ತಲೆ ಇತ್ತು. ನಾಳೆನೇ ಮಾರೋಕೆ ಹಾಕಿ ಇದನ್ನ."

ನನಗೆ ನಿಲ್ಲಲಾಗಲಿಲ್ಲ. ಬೇಲಿಯುದ್ದಕ್ಕೂ ಹೋದೆ, ಬಂದೆ, ಮತ್ತೆ ಹೋದೆ. ಅಲ್ಲಿದ್ದ ಹಸುವಿಗೂ ನನ್ನ ಕಷ್ಟ ಹೇಳಿಕೊಂಡೆ. ಅದು ದಕ್ಷಿಣಕ್ಕೆ ತಲೆ ಹಾಕಿ ಹಾಯಾಗಿ ಮಲಗಿತ್ತು.

ವಾಪಸು ಬಂದರೆ ವ್ಯಾನಿನಿಂದ ಗೊರಕೆ! ಇಣುಕಿದೆ. ಅಜ್ಜಿ, ಮೊಮ್ಮಗಳು ಇಬ್ಬರೂ ಹಾಸಿಗೆಗೆ ಅಡ್ಡಡ್ಡ ಮಲಗಿದ್ದಾರೆ. ತಲೆ ಪೂರ್ವಕ್ಕೆ, ಕಾಲು ಪಶ್ಚಿಮಕ್ಕೆ, ದೇವರು ಪಕ್ಕಕ್ಕೆ. ಉಪಾಯ ಶ್ರಾವ್ಯಳದು. ಇಬ್ಬರೂ ಕುಳ್ಳಿಯರು, ಅಳತೆ ತೆಗೆದು ಮಾಡಿಸಿದಂತೆ ಅಗಲಕ್ಕೆ ಹೊಂದಿಕೊಂಡಿದ್ದರು.

ಟೀ ಹೊತ್ತಿಗೆ ಎದ್ದ ಶಕುಂತಲೆಯ ಮುಖ ಅರಳಿತ್ತು. "ಏನು ನಿದ್ದೆ ಅಂತೀರಿ! ಇಟ್ಕೊಳ್ಳೋಣ ರೀ ಇದನ್ನ."

ಗೆದ್ದೆ! ಅದೇ ಹುರುಪಿನಲ್ಲಿ ನಾನೂ ಅಡ್ಡ ಮಲಗಿದೆ. ನಾನು ಆರಡಿ ಆಳು. ಚಳಿ ಬರದಿರಲೆಂದು ಗೋಡೆಗೆ ದಪ್ಪ ಹಲಗೆ ಬೇರೆ ಬಡಿದಿದ್ದೇನೆ. ಮಂಡಿ ಗಲ್ಲಕ್ಕೆ ಬಂತು. ಬಾಗಿಲು ಸರಿಸಿ ಕಾಲು ಹೊರಗೆ ಚಾಚಿದೆ.

"ಬಾಗಿಲು ಹಾಕ್ರೀ, ಗಾಳಿ."

"ನನ್ನ ಕಾಲು?"

"ಅದು ನಿಮ್ಮ ಸಮಸ್ಯೆ."

ಮುಂದಿನ ಶನಿವಾರ ಬೀಸ್ಟನ್ನಿನಿಂದ ಶಕುಂತಲೆಯ ಗೆಳತಿ ಭಾಗೀರಥಿ ಬ್ಯಾಗು ಹಿಡಿದು ಬಂದಿಳಿದರು. ಇವಳಿಗಿಂತ ಒಂದು ಗೇಣು ಕುಳ್ಳು. ಮೂವರು ಅಡ್ಡ ಮಲಗಲು ಹಾಸಿಗೆ ಸರಿಹೋಗುತ್ತದೆ; ವ್ಯಾನಿನ ಮುಂದೆ ಇರುವುದೂ ಮೂರೇ ಸೀಟು. ಶ್ರಾವ್ಯ ಸ್ಟಿಯರಿಂಗ್ ಹಿಡಿದಳು. ವಿಟ್ಬಿ ಕಡಲತೀರಕ್ಕೆ ಪ್ರಯಾಣ.

"ಮತ್ತೆ ನಾನು?" ಎಂದು ಕಿಟಕಿ ಹಿಡಿದುಕೊಂಡೆ.

ಶಕುಂತಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿದಳು. "ಫ್ರಿಜ್ಜಲ್ಲಿ ಸಾರಿದೆ. ಬೇಜಾರಾದ್ರೆ ಇನ್ನೊಂದು ಕಟ್ಕೊಳ್ಳಿ. ಸ್ವಲ್ಪ ಅಗಲವಾಗಿ."