ಮೀಸೆ ಇರುವ ಬ್ಲಾಕು

ಮಂತ್ರಿಗಳ ನಾಯಿ ಅವತ್ತು ಕಾಲುವೆಗೆ ಬೀಳದೇ ಇದ್ದಿದ್ದರೆ ಲಕ್ಕಣ್ಣನಿಗೆ ಈ ಗತಿ ಬರುತ್ತಿರಲಿಲ್ಲ.

ಹೋದ ವರ್ಷ ಲಕ್ಕವಳ್ಳಿ ಅಣೆಕಟ್ಟು ನೋಡಲು ಬಂದಿದ್ದ ಮಂತ್ರಿಯೊಬ್ಬರ ಮುದ್ದಿನ ನಾಯಿ ನೀರಿಗೆ ಬಿತ್ತು. ಕಾಲುವೆಗೆ ನೀರು ಬಿಡುವ ದಿನಗೂಲಿ ನೀರುಗಂಟಿ ಲಕ್ಕಣ್ಣ ಧುಮುಕಿ ಎತ್ತಿದ. ಅದೇ ಕಾಲುವೆಯಲ್ಲಿ ಮೇಸ್ತ್ರಿಯೊಬ್ಬ ಬಿದ್ದು ಸತ್ತಾಗ ಒಂದು ಸಾಲೂ ಬರೆಯದ ಕಡೂರಿನ ವಾರಪತ್ರಿಕೆ ‘ಗರ್ಜನೆ’, ನಾಯಿಯ ಸುದ್ದಿಯನ್ನು ಮುಖಪುಟಕ್ಕೇ ಏರಿಸಿತು. ಲಕ್ಕಣ್ಣನ ಫೋಟೋ ಬೆಂಗಳೂರಿಗೆ ಹೋಗಿ, ನೀರಾವರಿ ಇಲಾಖೆಯ ಖರ್ಚಿನಲ್ಲಿ, ಪೇಪರಿಗೆ ಅಚ್ಚೊತ್ತುವ ಸತುವಿನ ಬ್ಲಾಕಾಗಿ ಬಂತು. ಅವನಿಗೆ ಸಿಕ್ಕಿದ್ದು ಒಂದು ಶಾಲು. ಅದನ್ನೂ ಸಂಜೆಗೇ ವಾಪಸು ತೆಗೆದುಕೊಂಡರು, ಇನ್ನೊಂದು ಸಮಾರಂಭಕ್ಕೆ ಬೇಕಿತ್ತಂತೆ.

ಈಗ ಜಿಲ್ಲಾ ಪರಿಷತ್ತಿನ ಚುನಾವಣೆ. ಬೆಳಿಗ್ಗೆ ಲಕ್ಕಣ್ಣ ಬೇವಿನಕಡ್ಡಿ ಜಗಿಯುತ್ತಾ ನಿಂತಿದ್ದಾಗ, ಬೆಲ್ಲ ತರಲು ಅಂಗಡಿಗೆ ಹೋಗಿದ್ದ ಹೆಂಡತಿ ಹುಲಿಗೆಮ್ಮ ‘ಗರ್ಜನೆ’ ಪೇಪರು ಹಿಡಿದುಕೊಂಡು ಬಂದಳು.

“ಅಲ್ಲ, ಮದ್ವೆಯಾಗಿ ಇಷ್ಟು ವರ್ಷ ಆತು. ನಿನ್ನ ಹೆಸ್ರು ಪಂಚಾಕ್ಷರಪ್ಪ ಅಂತ ನಂಗ್ಯಾಕೆ ಹೇಳ್ಲಿಲ್ಲ?”

ಮುಖಪುಟದಲ್ಲಿ ಅವನದೇ ಮುಖ, ಅವನದೇ ಮೀಸೆ. ಕೆಳಗೆ: ‘ಲಕ್ಕವಳ್ಳಿ ಕ್ಷೇತ್ರದ ಮನೆಮಗ ಪಂಚಾಕ್ಷರಪ್ಪನವರನ್ನು ಆರಿಸಿ ತನ್ನಿ.’

ಲಕ್ಕಣ್ಣ ಬಾಯಲ್ಲಿದ್ದುದನ್ನು ನುಂಗಿದ. ಪಂಚಾಕ್ಷರಪ್ಪ ಕಡೂರಿನ ತೆಂಗಿನಕಾಯಿ ಮಂಡಿ ಸಾಹುಕಾರ. ಬಲ್ಲವರು ಓಟು ಹಾಕುವುದಿಲ್ಲವೆಂದು ತನ್ನೂರು ಬಿಟ್ಟು, ಬಲ್ಲವರೇ ಇಲ್ಲದ ಲಕ್ಕವಳ್ಳಿಗೆ ಆಳುವ ಪಕ್ಷದ ಟಿಕೆಟ್ಟು ಕೊಂಡು ತಂದಿದ್ದ. ಅವನ ಮುಖ ಇಲ್ಲಿ ಯಾರೂ ಕಂಡಿರಲಿಲ್ಲ. ಈಗ ಕಂಡರು. ಕಂಡದ್ದು ಲಕ್ಕಣ್ಣನದು.

ಕಷ್ಟವೆಂದರೆ, ಎಷ್ಟೋ ವರ್ಷ ಅವನು ಕಾದಿದ್ದ ಒಂದೇ ಒಂದು ಕಾಯಂ ಜಾಗ ಯಾರಿಗೆಂದು ಆರ್ಡರು ಆಗಬೇಕಾಗಿದ್ದದ್ದು ಅವತ್ತೇ ಸಂಜೆ. ರಾಜಕೀಯಕ್ಕೆ ಇಳಿದವನಿಗೆ ಸರ್ಕಾರಿ ಕೆಲಸ ಇಲ್ಲ ಎಂದು ಆಫೀಸಿನ ಗೋಡೆಯ ಮೇಲೇ ಅಂಟಿಸಿದ್ದರು.

“ಒಳ್ಳೇದಾತು ಕಣೋ,” ಎಂದ ಪಕ್ಕದ ಮನೆಯ ಅಜ್ಜಯ್ಯ, ಬೇಲಿಯ ಮೇಲೆ ಕತ್ತು ಚಾಚಿ. “ಹಂಗೇ ನಮ್ಮ ಬೀದಿಗೊಂದು ಬೋರ್‌ವೆಲ್ ಹಾಕ್ಸು.”

“ಅದು ನಾನಲ್ಲ ಕಣಜ್ಜ! ಆ ಪಂಚಾಕ್ಷರಪ್ಪನೇ ಬೇರೆ!”

“ನಿಂತಾಗ್ಲೇ ನಾನಲ್ಲ ಅಂತೀಯಲ್ಲೋ! ಗೆಲ್ತೀಯ ಬಿಡು, ಲಕ್ಷಣ ಐತೆ.”

ಲಕ್ಕಣ್ಣ ಆಫೀಸಿಗೆ ಓಡಿದ. ಇಂಜಿನಿಯರ್ ದತ್ತಾತ್ರಿಯವರ ಬಾಗಿಲು ಮುಚ್ಚಿತ್ತು. ಹೊರಗೆ ಟೈಪಿಸ್ಟ್ ಮಲ್ಲಿಕಾಂಬ ದನಿ ಇಳಿಸಿ ಹೇಳಿದಳು:

“ಸಾಹೇಬ್ರು ಪೇಪರ್ ನೋಡಿದ್ರು. ಬೆವತು ಹೋದ್ರು. ನಿನ್ನ ಫೈಲ್ ತರ್ಸಿ ಬಾಗ್ಲು ಹಾಕ್ಕೊಂಡಿದಾರೆ. ಸಂಜೆ ಐದರ ತನಕ ಯಾರನ್ನೂ ಬಿಡಬೇಡಿ ಅಂದ್ರು.”

“ಕೆಲ್ಸ ಹೋಯ್ತೇನಕ್ಕ?”

“ನಂಗೇನಪ್ಪಾ ಗೊತ್ತು! ಪೇಪರ್‌ನಲ್ಲಿ ಬಂದಿದ್ದನ್ನ ಪೇಪರ್‌ನಲ್ಲೇ ಅಳಿಸ್ಬೇಕು. ಹೋಗಿ ಒಂದು ತಿದ್ದುಪಡಿ ಹಾಕಿಸ್ಕೊಂಡ್ ಬಂದ್ಬಿಡು.”

ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ತರೀಕೆರೆಯಲ್ಲಿ ಹತ್ತಿದ ಇನ್ನೊಬ್ಬರು ಅದೇ ಸೀಟಿನಿಂದ ಕಾಲರ್ ಹಿಡಿದು ಎಬ್ಬಿಸಿ, “ನಮ್ಮೂರಿನ ರಸ್ತೆ ಎಲ್ಲೋ?” ಎಂದು ಅಬ್ಬರಿಸಿದರು. ಗೆಲ್ಲುವುದಿರಲಿ, ನಿಂತೇ ಇರದ ಲಕ್ಕಣ್ಣ ಕಡೂರು ಬರುವಷ್ಟರಲ್ಲಿ “ಮಾಡಿಸ್ತೀನಿ ಬಿಡಣ್ಣಾ” ಎಂದು ಒಪ್ಪಿಕೊಂಡಿದ್ದ.

‘ಗರ್ಜನೆ’ಯ ಸಂಪಾದಕ ರಾಮಸ್ವಾಮಿ ಪ್ರೆಸ್ಸಿನಲ್ಲಿ ಅವಲಕ್ಕಿ ತಿನ್ನುತ್ತಿದ್ದರು.

“ಸ್ವಾಮೀ, ಇದು ನನ್ನ ಮುಖ!”

“ನಿನ್ನದೇ ಕಣಯ್ಯ, ಯಾರು ಇಲ್ಲ ಅಂದ್ರು? ನಮ್ಮಲ್ಲಿರೋದೇ ಎರಡು ಬ್ಲಾಕು. ಮೀಸೆ ಇರೋದೊಂದು, ಇಲ್ಲದ್ದೊಂದು. ಇಲ್ಲದ್ದನ್ನ ತೀರಿಕೊಂಡವರಿಗೆ ಹಾಕ್ತೀವಿ. ಪಂಚಾಕ್ಷರಪ್ಪನೋರ ಬ್ಲಾಕು ಬೆಂಗಳೂರಿಂದ ಬರ್ಲಿಲ್ಲ. ಅವರಿಗೆ ಮೀಸೆ ಇದೆ. ನಿನ್ನದು ಹಾಕಿದೆ. ಇದರಲ್ಲೇನು ತಪ್ಪು?”

“ನನ್ನ ಕೆಲ್ಸ ಹೋಗ್ತೈತೆ ಸ್ವಾಮಿ. ತಿದ್ದುಪಡಿ ಹಾಕಿ.”

“ಧಾರಾಳವಾಗಿ ಹಾಕ್ತೀನಿ. ಸುಳ್ಳು ಹಾಕ್ಸೋಕೆ ಒಂದು ರೇಟು, ನಿಜ ಹಾಕ್ಸೋಕೆ ಅದರ ಎರಡರಷ್ಟು. ನಿಜಕ್ಕೆ ಗಿರಾಕಿ ಕಮ್ಮಿ ನೋಡು.”

ಲಕ್ಕಣ್ಣ ಬರಿಗೈ ತೋರಿಸುತ್ತಿರುವಾಗಲೇ ಹೊರಗೆ ಜೀಪು ನಿಂತಿತು. ವಿರೋಧಿ ಅಭ್ಯರ್ಥಿ ಈರಭದ್ರಪ್ಪ ಪೇಪರು ಬೀಸುತ್ತಾ ಒಳಗೆ ನುಗ್ಗಿದ.

“ಏನ್ರೀ ರಾಮಸ್ವಾಮಿ, ಊರಾಗೆಲ್ಲ ಈ ಮುಖ ಚೆನ್ನಾಗೈತೆ ಅಂತವ್ರೆ! ಇವನು ಪಂಚಾಕ್ಷರಪ್ಪ ಅಲ್ಲ ಅಂತ ದೊಡ್ಡಕ್ಷರದಾಗೆ ಹಾಕ್ರೀ. ದುಡ್ಡು ನಂದು.” ನೋಟು ಕುಕ್ಕಿ ಜೀಪು ಹತ್ತಿದ.

ಲಕ್ಕಣ್ಣನಿಗೆ ದೇವರೇ ಬಂದು ಹೋದಂತಾಯಿತು. ಆದರೆ ನೋಟು ಡ್ರಾಯರಿನಲ್ಲಿ ಬೆಚ್ಚಗಾಗುವ ಮುಂಚೆಯೇ ಪಂಚಾಕ್ಷರಪ್ಪ ಬಂದ. ಸುದ್ದಿ ಅವನ ಮಂಡಿಗೆ ಆಗಲೇ ಮುಟ್ಟಿತ್ತು. ಕಾಯಿ ಕೊಳ್ಳುವ ಮುಂಚೆ ಅಲ್ಲಾಡಿಸಿ ನೋಡುವವನ ಹಾಗೆ ಲಕ್ಕಣ್ಣನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

“ಈ ಮುಖಾನೇ ಇರ್ಲಿ ಕಣ್ರೀ. ನಂದು ನೋಡಿದ್ರೆ ಜನಕ್ಕೆ ತಕ್ಕಡಿ ಜ್ಞಾಪಕಕ್ಕೆ ಬತ್ತೈತೆ. ತಿದ್ದುಪಡಿ ಊರಿಗೆ ಹಂಚೀರಾ, ಜೋಕೆ!” ಎಂದವನು ಇನ್ನೂ ದಪ್ಪನೆಯ ಕಟ್ಟು ಇಟ್ಟು ಹೋದ.

ಲಕ್ಕಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಅವನ ಒಂದು ಮುಖಕ್ಕೆ ಎರಡು ಕಡೆಯಿಂದ ದುಡ್ಡು ಬಿದ್ದಿತ್ತು. ಮುಖದ ಒಡೆಯನ ಜೇಬಿನಲ್ಲಿ ಮಾತ್ರ ವಾಪಸು ಬಸ್ಸಿನ ಚಿಲ್ಲರೆ.

“ಈಗೇನ್ ಮಾಡ್ತೀರಿ ಸ್ವಾಮಿ?”

“ನಾನು ಧರ್ಮ ಬಿಟ್ಟವನಲ್ಲ,” ಎಂದರು ರಾಮಸ್ವಾಮಿ. “ಅಚ್ಚು ಹಾಕು ಅಂತ ಒಬ್ರು ಕೊಟ್ರು, ಹಾಕ್ತೀನಿ. ಹಂಚಬೇಡ ಅಂತ ಇನ್ನೊಬ್ರು ಕೊಟ್ರು, ಹಂಚಲ್ಲ.”

ಅಚ್ಚುಮೊಳೆ ಜೋಡಿಸಿ, ಟ್ರೆಡಲ್ ಯಂತ್ರವನ್ನು ಒಂದು ಸಲ ತುಳಿದರು. ಒಂದೇ ಹಾಳೆ ಬಂತು. ಅದನ್ನು ಲಕ್ಕಣ್ಣನ ಕೈಗೆ ಕೊಟ್ಟು ಮೊಳೆಗಳನ್ನೆಲ್ಲ ಕಳಚಿಬಿಟ್ಟರು. ‘ನಮ್ಮ ಕಳೆದ ಸಂಚಿಕೆಯ ಚಿತ್ರದಲ್ಲಿರುವವನು ಲಕ್ಕಣ್ಣ ಎಂಬ ದಿನಗೂಲಿ. ಆಳುವ ಪಕ್ಷದಲ್ಲಾಗಲಿ, ವಿರೋಧ ಪಕ್ಷದಲ್ಲಾಗಲಿ, ಇವನಿಗೆ ಯಾರೂ ಇಲ್ಲ.’ ತನ್ನ ಬಗ್ಗೆ ಇಷ್ಟು ನಿಜವನ್ನು ಯಾರೂ ಬರೆದಿರಲಿಲ್ಲ. ಲಕ್ಕಣ್ಣನ ಕಣ್ಣು ತುಂಬಿತು.

ಐದಕ್ಕೆ ಸರಿಯಾಗಿ ಆಫೀಸು ಮುಟ್ಟಿದ. ‘ಲೇ’ ಎನ್ನುವುದು ಬಿಟ್ಟು ಇನ್ನೊಂದು ಹೆಸರಿಂದ ಅವನನ್ನು ಕರೆದೇ ಇರದ ದತ್ತಾತ್ರಿಯವರು ತಾವೇ ಬಾಗಿಲು ತೆಗೆದರು.

“ಬನ್ನಿ, ಬನ್ನಿ! ಕೂತ್ಕೊಳ್ಳಿ. ಯಾವ ಹೆಸರಿಂದ ಕರೀಲಿ ತಮ್ಮನ್ನ? ಕಾಫಿ ತರಿಸ್ಲಾ?”

ಲಕ್ಕಣ್ಣ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ನೇಣಿಗೆ ಹಾಕುವ ಮುಂಚೆ ಆಸೆ ಕೇಳುತ್ತಾರಂತಲ್ಲ, ಇದು ಅದೇ ಎನ್ನಿಸಿತು. ಮೇಜಿನ ಮೇಲೆ ಮೊಹರು ಬಿದ್ದ ಲಕೋಟೆ. ದತ್ತಾತ್ರಿ ಅದನ್ನು ಎರಡೂ ಕೈಯಲ್ಲಿ ಎತ್ತಿದರು.

“ಅದನ್ನ ಕೊಡಬ್ಯಾಡಿ ಸಾರ್! ಮೊದ್ಲು ಇದನ್ನ ಓದಿ!” ಲಕ್ಕಣ್ಣ ಹಾಳೆಯನ್ನು ಅವರ ಮೂಗಿಗೇ ಹಿಡಿದ.

ದತ್ತಾತ್ರಿ ಓದಿದರು. ಲಕೋಟೆ ಹಿಡಿದ ಕೈ ಹಿಂದಕ್ಕೆ ಹೋಯಿತು.

“ಅಂದ್ರೆ, ನೀವು ಕ್ಯಾಂಡಿಡೇಟ್ ಅಲ್ಲ?”

“ದೇವರಾಣೆ ಅಲ್ಲ ಸಾರ್!”

“ಮೇಲೆ ನಿಮ್ಮೋರು ಯಾರೂ ಇಲ್ಲ?”

“ಮ್ಯಾಲಿರೋದು ಹೆಂಚು ಒಂದೇ ಸಾರ್.”

“ಲೇ!” ದತ್ತಾತ್ರಿ ಕುರ್ಚಿ ಹಾರುವಂತೆ ಎದ್ದರು. “ಗೆದ್ದು ಬಂದು, ಇಷ್ಟು ವರ್ಷ ಯಾಕೆ ಕಾಯಂ ಮಾಡಲಿಲ್ಲ ಅಂತ ನನ್ನನ್ನೇ ಎತ್ತಂಗಡಿ ಮಾಡಿಸ್ತೀಯ ಅಂದ್ಕೊಂಡು, ಬೆಳಿಗ್ಗೆಯಿಂದ ಬಾಗಿಲು ಹಾಕ್ಕೊಂಡು ನಿನ್ನ ಆರ್ಡರ್ ರೆಡಿ ಮಾಡಿದೆ ಕಣೋ! ಇರೋದೇ ಒಂದು ಜಾಗ, ಅದು ಮೇಲೆ ಯಾರಾದ್ರೂ ಇರೋನಿಗೆ!” ಎಂದು ಲಕೋಟೆಯನ್ನು ಪರಪರ ಹರಿದರು.

ಚೂರುಗಳನ್ನು ನೋಡಿದ ಮೇಲೆ ಲಕ್ಕಣ್ಣನಿಗೆ ಅರ್ಥವಾಯಿತು.

“ಸಾರ್, ಆ ತಿದ್ದುಪಡಿ ಒಂದೇ ಒಂದು ಸಾರ್! ಲೋಕದಾಗೆ ಇನ್ನೊಂದಿಲ್ಲ. ಇಲ್ಲಿ ಕೊಡಿ, ನುಂಗ್ಬಿಡ್ತೀನಿ!”

“ನುಂಗಿದ್ರೆ? ಪೇಪರ್‌ನಲ್ಲಿ ಬಂದದ್ದು ಸುಳ್ಳಾಗುತ್ತೇನೋ?” ದತ್ತಾತ್ರಿ ಹಾಳೆಯನ್ನು ಬೀರುವಿಗೆ ಹಾಕಿ ಬೀಗ ಜಡಿದರು.

ಹೊರಗೆ ಅಜ್ಜಯ್ಯ ಬೀದಿಯವರನ್ನೆಲ್ಲ ಕಟ್ಟಿಕೊಂಡು, ಚೆಂಡುಹೂವಿನ ಹಾರ ಹಿಡಿದು ಕಾಯುತ್ತಿದ್ದ. ಲಕ್ಕಣ್ಣ ಮೆಟ್ಟಿಲಿಳಿಯುವ ಮೊದಲೇ ಹಾರ ಕೊರಳಿಗೆ ಬಿತ್ತು.

“ಕೆಲ್ಸ ಹೋಯ್ತು ಕಣಜ್ಜ!” ಎಂದು ಲಕ್ಕಣ್ಣ ಗೊಳೋ ಎಂದ.

“ಹೋಗ್ಲಿ ಬಿಡೋ. ಗೆದ್ದ ಮ್ಯಾಲೆ ನಿಂಗ್ಯಾಕೆ ನೀರುಗಂಟಿ ಕೆಲ್ಸ?” ಎಂದ ಅಜ್ಜಯ್ಯ, ಹಾರ ನೇರ ಮಾಡುತ್ತಾ. “ಅದನ್ನ ನಮ್ಮ ಮೊಮ್ಮಗನಿಗೆ ಕೊಡ್ಸಿಬಿಡು.”